ಷರಾ ಕಾಲಮ್ಮಿನಲ್ಲಿ ನಾನು ಬರೆದ ಒಂದು ಸಾಲು

(ಪಾಮನಕಲ್ಲೂರಿನಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಅರ್ಜಿ ಪರಿಶೀಲನಾ ಸಮಿತಿಯ ಸದಸ್ಯರಾದ ನಿವೃತ್ತ ಶಿಕ್ಷಕರು ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಲ್ಲಿ ನಾನು ಮಾತಾಡುವ ವಿಷಯ ನಿಮಗೆಲ್ಲ ಬಾಯಿಪಾಠ ಆಗಿದೆ. ಹಾಜರಾತಿ, ಗಣಿತ, ಇಂಗ್ಲಿಷು, ಹೆಣ್ಣುಮಕ್ಕಳನ್ನು ಹತ್ತನೇ ತರಗತಿಗೆ ಬಿಡಿಸಬೇಡಿ. ಈ ಸಲ ಅದನ್ನು ಬಿಟ್ಟು ನನ್ನದೇ ಒಂದು ತಪ್ಪಿನ ಬಗ್ಗೆ ಹೇಳಬೇಕೆಂದು ಅಧ್ಯಕ್ಷರ ಅನುಮತಿ ಕೇಳಿದೆ. ಅವರು, "ವರದಿಯಲ್ಲೂ ಅಚ್ಚಾಗ್ತದೆ ಸರ್, ನೋಡ್ರಿ ಮತ್ತ" ಅಂದರು. ಆಗಲಿ ಅಂದೆ.

ನಮ್ಮ ಅರ್ಜಿ ಫಾರಮ್ಮಿನ ಕೊನೆಗೆ "ಷರಾ" ಎಂಬ ಒಂದು ಕಾಲಮ್ಮಿದೆ. ಸಮಿತಿಯವರು ಮನೆಗೆ ಹೋಗಿ, ಕಂಡದ್ದನ್ನು ಅಲ್ಲಿ ಬರೆಯುತ್ತೇವೆ. ಕಳೆದ ವರ್ಷ ಎಸ್ಸೆಸ್ಸೆಲ್ಸಿ ಒಳ್ಳೆ ಅಂಕದಲ್ಲಿ ಪಾಸಾಗಿ ಪಿಯುಸಿಗೆ ಸಹಾಯ ಕೇಳಿದ್ದ ಒಬ್ಬ ಹುಡುಗನ ಮನೆಗೆ ನಾನೂ ಇನ್ನೊಬ್ಬರೂ ಹೋದೆವು. ಹಗಲು ತಾಯಿ ಕೂಲಿಗೆ ಹೋಗುತ್ತಾರೆಂದು ರಾತ್ರಿ ಊಟವಾದ ಮೇಲೆ ಹೋಗಿದ್ದೆವು. ಹುಡುಗ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಆಟ ಆಡುತ್ತಿದ್ದ. ನಮ್ಮನ್ನು ಕಂಡು ಎದ್ದ, ಸಲಾಂ ಹೇಳಿದ, ಆದರೆ ಕಣ್ಣು ಫೋನಿನ ಮೇಲೆಯೇ. ನಾವು ತಾಯಿಯ ಜೊತೆ ಮಾತಾಡಿದ ಕಾಲು ಗಂಟೆಯಲ್ಲಿ ಅವನ ಬೆರಳು ನಿಲ್ಲಲಿಲ್ಲ. ನನಗೆ ಸಿಟ್ಟು ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದವನ ಸಿಟ್ಟು ಅದು, ನಿಮಗೆ ಗೊತ್ತಿದೆ. ಮನೆಗೆ ಬಂದು ಷರಾ ಕಾಲಮ್ಮಿನಲ್ಲಿ ಬರೆದೆ: "ಮೊಬೈಲ್ ಆಟದ ಚಟ ಇದೆ." ಅಷ್ಟೇ ನಾಲ್ಕು ಪದ. ಹಣ ಕಡಿಮೆ, ಅರ್ಜಿ ಹೆಚ್ಚು. ಪಟ್ಟಿಯಲ್ಲಿ ಯಾರನ್ನಾದರೂ ಬಿಡಲೇಬೇಕಿತ್ತು. ಆ ನಾಲ್ಕು ಪದ ಇದ್ದವನನ್ನು ಬಿಟ್ಟೆವು.

ಆರು ತಿಂಗಳ ಮೇಲೆ ಆ ತಾಯಿ ಸಂತೆಯಲ್ಲಿ ಸಿಕ್ಕರು. ಮಗ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದಾನೆ ಅಂದರು. ಅವರ ಮಾತಿನಲ್ಲಿ ದೂರೇನೂ ಇರಲಿಲ್ಲ. ನಾನೇ, "ರಾತ್ರಿ ಹೊತ್ತು ಹಂಗ ಆಟ ಆಡ್ಕೋತ ಕುಂತ್ರ ಹೆಂಗಮ್ಮ" ಅಂದುಬಿಟ್ಟೆ. ಆ ತಾಯಿ ನನ್ನ ಮುಖ ನೋಡಿ ಹೇಳಿದ ಮಾತು ಇದು: "ಸರ್, ಅವ ಆಟ ಆಡ್ತಿದ್ದಿಲ್ಲ. ಅವರಪ್ಪನ ಕೂಡ ಕುಂತಿದ್ದ."

ತಂದೆ ಶಾರ್ಜಾದಲ್ಲಿ ಡ್ರೈವರ್. ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧವಿದೆ ಎಂದು ಗಲ್ಫಿನಲ್ಲಿ ಮಕ್ಕಳಿರುವ ನಿಮಗೆ ಗೊತ್ತೇ ಇದೆ. ಅನುಮತಿ ಇರುವ ಆ್ಯಪ್‌ನಲ್ಲಿ ಮಾತಾಡಬೇಕೆಂದರೆ ತಿಂಗಳಿಗೆ ಬೇರೆ ದುಡ್ಡು. ಲೂಡೋ ಆಟಕ್ಕೆ ಆ ತೊಂದರೆ ಇಲ್ಲ. ನಮ್ಮಲ್ಲಿ ರಾತ್ರಿ ಹತ್ತು ಗಂಟೆಯಾದಾಗ ಅಲ್ಲಿ ಎಂಟೂವರೆ. ತಂದೆ ಊಟ ಮುಗಿಸಿ ರೂಮಿನ ಮಂಚದ ಮೇಲೆ ಕೂತು ದಾಳ ಉರುಳಿಸುತ್ತಾನೆ, ಮಗ ಇಲ್ಲಿ ಕಟ್ಟೆಯ ಮೇಲೆ ಕೂತು ಕಾಯಿ ನಡೆಸುತ್ತಾನೆ. ನಡುವೆ ಒಂದೆರಡು ಸಾಲು ಬರೆದು ಕಳಿಸುತ್ತಾರೆ: ಉಂಡಿಯಾ, ಅಮ್ಮಿಯ ಮೊಣಕಾಲು ಹೆಂಗಿದೆ. ಮೂರು ವರ್ಷ ಆ ಹುಡುಗನಿಗೆ ತಂದೆ ಇದ್ದದ್ದು ಆ ನಾಲ್ಕು ಬಣ್ಣದ ಹಲಗೆಯಲ್ಲಿ. ನಾನು ಅದಕ್ಕೆ ಚಟ ಎಂದು ಹೆಸರಿಟ್ಟು ಬಂದಿದ್ದೆ.

ಇದನ್ನು ಇಲ್ಲಿ ಹೇಳಲು ಆ ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಹೆಸರು ಹೇಳುವುದಿಲ್ಲ, ನೀವೂ ಹುಡುಕಬೇಡಿ.

ಅಂದಿನಿಂದ ನಾನು ಈ ಆಟಗಳ ಬಗ್ಗೆ ತಿಳಿಯಲು ಕೂತೆ. ನಿವೃತ್ತನಿಗೆ ಪುರುಸೊತ್ತು ಬಹಳ. ಮೊಮ್ಮಗನನ್ನು ಗುರು ಮಾಡಿಕೊಂಡೆ. ನಾನು ಕಡ್ಡಿ ಹಿಡಿದು ಕಲಿಸಿದ ಹಾಗೆ ಅವನೂ ಕಲಿಸಿದ, ಬೈದೂ ಬೈದ.

ಲೂಡೋ ವಿಷಯ ಮೊದಲು. ನಮ್ಮ ಹೆಂಗಸರು ಗುಡಿಕಟ್ಟೆ, ದರ್ಗಾದ ಅಂಗಳದ ಕಲ್ಲಿನ ಮೇಲೆ ಚೌಕಾಬಾರ ಕೊರೆದುಕೊಂಡು ಹುಣಸೆಬೀಜ, ಕವಡೆ ಹಾಕಿ ಆಡುತ್ತಿದ್ದರಲ್ಲ, ಪಗಡೆ ಆಡುತ್ತಿದ್ದರಲ್ಲ, ಲೂಡೋ ಅದೇ ವಂಶದ ಕೂಸು. ಉತ್ತರದಲ್ಲಿ ಅದಕ್ಕೆ ಪಚ್ಚೀಸಿ ಎಂದು ಹೆಸರು. ಫತೇಪುರ್ ಸಿಕ್ರಿಯ ಅರಮನೆಯ ಅಂಗಳದಲ್ಲಿ ಕಲ್ಲಿನ ಹಾಸಿನ ಮೇಲೆಯೇ ಪಚ್ಚೀಸಿಯ ಮನೆಗಳಿವೆ. ಇಂಗ್ಲಿಷರು ಅದನ್ನು ನೋಡಿ, ಕವಡೆ ತೆಗೆದು ದಾಳ ಇಟ್ಟು, 19ನೇ ಶತಮಾನದ ಕೊನೆಗೆ ಲೂಡೋ ಎಂಬ ಹೆಸರಿನಲ್ಲಿ ಪೇಟೆಂಟ್ ಮಾಡಿಕೊಂಡರು. ಅದು ಮತ್ತೆ ರಟ್ಟಿನ ಹಲಗೆಯಾಗಿ ನಮ್ಮ ಅಂಗಡಿಗೆ ಬಂತು. 2016ರಲ್ಲಿ ಮುಂಬಯಿಯ ಒಂದು ಕಂಪನಿ ಅದನ್ನು ಲೂಡೋ ಕಿಂಗ್ ಎಂದು ಫೋನಿಗೆ ಹಾಕಿತು. 2020ರ ಲಾಕ್‌ಡೌನಿನಲ್ಲಿ ಮನೆಮನೆಗೂ ಬಂತು. ನಮ್ಮ ಕಟ್ಟೆಯ ಆಟ ಲಂಡನ್ನಿಗೆ ಹೋಗಿ, ಫೋನಿನೊಳಗೆ ಸೇರಿ, ಶಾರ್ಜಾದ ರೂಮಿನ ಮೂಲಕ ಮತ್ತೆ ಪಾಮನಕಲ್ಲೂರಿನ ಕಟ್ಟೆಗೇ ಬಂದು ಕೂತಿದೆ.

ಚದುರಂಗದ ದಾರಿಯೂ ಹೀಗೆಯೇ. ಇಲ್ಲಿಂದ ಪರ್ಷಿಯಾಕ್ಕೆ, ಅಲ್ಲಿಂದ ಅರಬರ ಕೈಗೆ ಶತ್ರಂಜ್ ಆಗಿ, ಅಲ್ಲಿಂದ ಯುರೋಪಿಗೆ. ಒಂಬತ್ತನೇ ಶತಮಾನದ ಅಲ್-ಅದ್ಲಿ, ಅವನ ನಂತರ ಬಗ್ದಾದಿನ ಅಸ್-ಸೂಲಿ, ಇವರು ಶತ್ರಂಜಿನ ಮೇಲೆ ಪುಸ್ತಕ ಬರೆದ ದೊಡ್ಡ ಆಟಗಾರರು. ಆಮೇಲಿನ ಕಾಲದಲ್ಲಿ ಊರೂರಿನ ನಡುವೆ ಅಂಚೆ ಕಾರ್ಡಿನಲ್ಲಿ ಒಂದೊಂದೇ ನಡೆ ಬರೆದು ಆಡುವವರಿದ್ದರು. ಒಂದು ಆಟ ಮುಗಿಯಲು ವರ್ಷಗಟ್ಟಲೆ. ಮುಖ ನೋಡದ ಗೆಳೆತನ ಫೋನು ಬಂದ ಮೇಲೆ ಹುಟ್ಟಿದ್ದೇನಲ್ಲ.

ಇನ್ನು ಹುಡುಗರ ಗುಂಡು ಹಾರಿಸುವ ಆಟ. ಪಬ್ಜಿ ಎಂದರೆ ತಾಯಂದಿರು ಹಣೆ ಚಚ್ಚಿಕೊಳ್ಳುತ್ತೀರಿ. ನನಗೂ ಅದು ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಆದರೆ ಏನೆಂದು ನೋಡಿದೆ. ನೂರು ಜನ ಒಂದು ದ್ವೀಪಕ್ಕೆ ವಿಮಾನದಿಂದ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಹೆಚ್ಚಿನವರು ಆಡುವುದು ನಾಲ್ಕು ಜನರ ತಂಡವಾಗಿ. ನನ್ನ ಮೊಮ್ಮಗನ ತಂಡದಲ್ಲಿ ಒಬ್ಬ ಅಸ್ಸಾಮಿನವನು, ಒಬ್ಬ ನೇಪಾಳದವನು, ಇನ್ನೊಬ್ಬ ಎಲ್ಲಿಯವನೋ ಇವನಿಗೂ ಗೊತ್ತಿಲ್ಲ. ಅರ್ಧ ಹಿಂದಿ, ಕಾಲು ಇಂಗ್ಲಿಷು, ಉಳಿದದ್ದು ಕೂಗಾಟ. ಗುಂಡು ತಗುಲಿ ಬಿದ್ದವನನ್ನು ಗೆಳೆಯ ಬಂದು ಎಬ್ಬಿಸಬೇಕು, ತಾನೇ ಸಾಯುವ ಅಪಾಯ ಇದ್ದರೂ. ಎಬ್ಬಿಸದೆ ಓಡಿಹೋದವನನ್ನು ಮರುದಿನ ಯಾರೂ ತಂಡಕ್ಕೆ ಕರೆಯುವುದಿಲ್ಲ. ನಾವು ಲಗೋರಿ, ಚಿಣಿಫಣಿ ಆಡುವಾಗ ಇದ್ದ ಕಾನೂನೂ ಇದೇ ಅಲ್ಲವೇ? ಮೋಸ ಮಾಡಿದವನನ್ನು ಮನೆಯವರು ಹೊಡೆಯುತ್ತಿರಲಿಲ್ಲ, ನಾವು ಆಟಕ್ಕೆ ಸೇರಿಸುತ್ತಿರಲಿಲ್ಲ. ಅದೇ ದೊಡ್ಡ ಪೆಟ್ಟು.

2020ರ ಸೆಪ್ಟೆಂಬರ್ 2ರಂದು ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಪಬ್ಜಿ ಅದರಲ್ಲಿ ಒಂದು. ಗಡಿಯಲ್ಲಿ ಚೀನಾದೊಂದಿಗೆ ಸಂಘರ್ಷ ನಡೆದ ವರ್ಷ ಅದು. ಆ ಆಟ ದಕ್ಷಿಣ ಕೊರಿಯಾದ್ದಾದರೂ ಫೋನಿನಲ್ಲಿ ನಡೆಸುತ್ತಿದ್ದದ್ದು ಚೀನಾದ ಕಂಪನಿ. ನಾನು ಪೇಪರ್ ಓದಿ, "ಒಳ್ಳೇದಾತು" ಅಂದಿದ್ದೆ. ಅಕ್ಟೋಬರ್ ಕೊನೆಗೆ ಅದು ಪೂರ್ತಿ ನಿಂತಾಗ ಮೊಮ್ಮಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಟ ಹೋಯಿತು ಎಂದು ಅಳುತ್ತಾನೆ ಎಂದುಕೊಂಡೆ. ಈ ವರ್ಷ ಕೇಳಿದಾಗ ಹೇಳಿದ: "ಆಟ ಬ್ಯಾರೆ ಸಿಗ್ತದ ಅಜ್ಜಾ. ಆ ಹುಡುಗೂರ ನಂಬರ್ ನಂತಾವ ಇದ್ದಿಲ್ಲ." ಶಾಲೆ ಮುಚ್ಚಿತ್ತು, ಓಣಿಯಲ್ಲಿ ಆಡಲು ಬಿಡುತ್ತಿರಲಿಲ್ಲ, ಇದ್ದ ಗೆಳೆಯರು ಅಷ್ಟೇ. ಅವರ ನಿಜ ಹೆಸರೂ ತಿಳಿಯದೆ ಅವರನ್ನು ಕಳೆದುಕೊಂಡ. ಮುಂದಿನ ವರ್ಷ ಜುಲೈನಲ್ಲಿ ಅದೇ ಆಟ ಬೇರೆ ಹೆಸರಿನಲ್ಲಿ ಭಾರತಕ್ಕೆ ಬಂತು. ಆ ಹುಡುಗರು ಮಾತ್ರ ಸಿಗಲಿಲ್ಲ.

ನಮ್ಮ ಸೀಮೆಯವರಿಗೆ ಈ ಮಾತು ಅರ್ಥವಾಗದೇ ಇರಲು ಸಾಧ್ಯವಿಲ್ಲ. ಮಳೆ ಕೈಕೊಟ್ಟ ವರ್ಷ ಅರ್ಧ ಊರೇ ಬೆಂಗಳೂರಿಗೆ ಗುಳೆ ಹೋಗುತ್ತದೆ. ನನ್ನ ತರಗತಿಯಲ್ಲಿ ದಸರೆಯ ಮೇಲೆ ಖಾಲಿ ಬೆಂಚು ಎಣಿಸುವುದು ವರ್ಷ ವರ್ಷದ ಕೆಲಸವಾಗಿತ್ತು. ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿವೆ. ಮುದಗಲ್ಲಿನ ಮೊಹರಂಗೆ ಎಲ್ಲೆಲ್ಲಿಂದಲೋ ಬರುವ ಜನ, ಯಾವ ಜಾತಿ ಯಾವ ಊರು ಎಂದು ಕೇಳದೆ ಒಂದೇ ಹಲಗೆಯ ಸದ್ದಿಗೆ ಹೆಜ್ಜೆ ಹಾಕುತ್ತಾರೆ. ದೂರದವರು ನಮ್ಮವರಾಗುವುದನ್ನೂ, ನಮ್ಮವರು ದೂರ ಹೋಗುವುದನ್ನೂ ನೋಡಿಕೊಂಡೇ ಬಂದವರು ನಾವು.

ನಾರ್ವೆ ದೇಶದ ಒಬ್ಬ ಹುಡುಗನ ಕಥೆ ಹೇಳಬೇಕು. ಹೆಸರು ಮ್ಯಾಟ್ಸ್ ಸ್ಟೀನ್. ಸ್ನಾಯುಗಳು ಕ್ರಮೇಣ ಸೊರಗುವ ಡುಶೆನ್ ಎಂಬ ಕಾಯಿಲೆ. ಗಾಲಿಕುರ್ಚಿಯ ಬದುಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ ಆಡುತ್ತ ಕೋಣೆಯಲ್ಲೇ ಇರುತ್ತಿದ್ದ. ತಂದೆ ತಾಯಿ ಬಹಳ ಪ್ರೀತಿಯವರು, ಆದರೆ ಮಗನಿಗೆ ಸ್ನೇಹಿತರೇ ಇಲ್ಲವಲ್ಲ ಎಂಬ ಕೊರಗು. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡ. ಮಗ ಅಂತರ್ಜಾಲದಲ್ಲಿ ಬರೆಯುತ್ತಿದ್ದ ಜಾಗದಲ್ಲಿ ತಂದೆ ಸಾವಿನ ಸುದ್ದಿ ಹಾಕಿದರು, ಯಾರಾದರೂ ಓದಬಹುದೇನೋ ಎಂದು. ಒಂದರ ಹಿಂದೆ ಒಂದು ಪತ್ರ ಬರಲು ಶುರುವಾಯಿತು. ಆಟದೊಳಗೆ ಅವನ ಹೆಸರು ಐಬೆಲಿನ್. ಸ್ಟಾರ್‌ಲೈಟ್ ಎಂಬ ತಂಡದಲ್ಲಿ ಅವನು ಎಲ್ಲರ ಕಷ್ಟ ಕೇಳುವವನು. ಹಲವು ದೇಶಗಳ ಗೆಳೆಯರು ಅವನ ಅಂತ್ಯಕ್ರಿಯೆಗೆ ಬಂದರು. ಅವರಲ್ಲಿ ಯಾರೂ ಅವನ ಮುಖ ನೋಡಿದವರಲ್ಲ. 2024ರಲ್ಲಿ ಇದರ ಮೇಲೆ ಒಂದು ಸಾಕ್ಷ್ಯಚಿತ್ರವೂ ಬಂದಿದೆ.

ಅದರಲ್ಲಿ ಒಂದು ಸಂಗತಿ ನನಗೆ ಮುಳ್ಳಿನ ಹಾಗೆ ನಾಟಿತು. ನೆದರ್‌ಲ್ಯಾಂಡ್ಸಿನ ಒಬ್ಬ ಹುಡುಗಿ ಅವನ ಜೊತೆ ಆಡುತ್ತಿದ್ದಳು. ಓದು ಹಿಂದೆ ಬೀಳುತ್ತಿದೆ ಎಂದು ಮನೆಯವರು ಅವಳ ಕಂಪ್ಯೂಟರ್ ಕಿತ್ತುಕೊಂಡರು. ಅವಳ ತಂದೆ ತಾಯಿಗೆ ಮ್ಯಾಟ್ಸ್ ಒಂದು ಕಾಗದ ಬರೆದ, ಅವಳಿಗೆ ಗೆಳೆಯರೊಂದಿಗಿನ ಸಂಪರ್ಕ ತಪ್ಪಿಸಬೇಡಿ ಎಂದು. ಬೆರಳೂ ಸರಿಯಾಗಿ ಆಡದ ಹುಡುಗ ಇನ್ನೊಂದು ಮಗುವಿನ ಪರವಾಗಿ ಅಷ್ಟು ಬರೆದ. ಕೈಕಾಲು ನೆಟ್ಟಗಿರುವ ನಾನು ಷರಾ ಕಾಲಮ್ಮಿನಲ್ಲಿ ಬರೆದದ್ದು ನಾಲ್ಕು ಪದ.

ಇಷ್ಟು ಹೇಳಿದ ಮೇಲೆ ಹುಡುಗರು ಖುಷಿಯಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ನಿಲ್ಲಿ.

ಆಟಕ್ಕೆ ಗಡಿ ಇಲ್ಲದಿರಬಹುದು, ಆಡುವವನಿಗೆ ಇದೆ. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದದ್ದನ್ನು ಪೇಪರಿನಲ್ಲಿ ಓದಿದ್ದೀರಿ. ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನ 19 ವರ್ಷದ ಹುಡುಗಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಉತ್ತರ ಪ್ರದೇಶದ ಯುವಕ. ಇಬ್ಬರೂ ಲೂಡೋ ಆಡುತ್ತ ಪರಿಚಯವಾದವರು. ಅವಳು ನೇಪಾಳಕ್ಕೆ ಬಂದಳು, ಅಲ್ಲಿಂದ ಇಬ್ಬರೂ ಗಡಿ ದಾಟಿ ಬೆಂಗಳೂರಿಗೆ ಬಂದು ಸಂಸಾರ ಹೂಡಿದರು. ಬೇರೆ ಹೆಸರಿನ ಗುರುತಿನ ಚೀಟಿ. ಮನೆಯ ನೆನಪು ತಡೆಯದೆ ಅವಳು ತಾಯಿಗೆ ಫೋನು ಮಾಡಿದಳು. ಪೊಲೀಸರು ಹಿಡಿದರು, ಹುಡುಗ ಜೈಲಿಗೆ ಹೋದ, ಫೆಬ್ರವರಿಯಲ್ಲಿ ಅವಳನ್ನು ಅಟ್ಟಾರಿ ಗಡಿಯಲ್ಲಿ ಅವಳ ದೇಶಕ್ಕೆ ಒಪ್ಪಿಸಿದರು. ಕಾನೂನು ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಪರವಾನಗಿ ಇಲ್ಲದೆ ಗಡಿ ದಾಟಿದವರಿಗೆ ಯಾವ ದೇಶದಲ್ಲೂ ಅದೇ ಗತಿ. ಆದರೆ ನಮ್ಮ ಹಿತ್ತಲಿನ ಚೌಕಾಬಾರ ಅಷ್ಟು ದೂರದ ಇಬ್ಬರನ್ನು ಕೂಡಿಸಿತು, ಅವರನ್ನು ಕಾಯುವ ಶಕ್ತಿ ಮಾತ್ರ ಅದಕ್ಕಿರಲಿಲ್ಲ. ಹೆಣ್ಣುಮಕ್ಕಳೇ, ಪರದೆಯ ಆಚೆಯವನು ಒಳ್ಳೆಯವನೇ ಇರಬಹುದು. ಅವನು ಒಳ್ಳೆಯವನಾದರೂ ಕಾಗದಪತ್ರ ಕೇಳುವವರು ಬೇರೆ ಇದ್ದಾರೆ. ಒಳ್ಳೆಯವನಲ್ಲದಿದ್ದರೆ, ಫೋಟೋ ಕೇಳುತ್ತಾನೆ, ಓಟಿಪಿ ಕೇಳುತ್ತಾನೆ. ಹಾಗೆ ಕೇಳಿದ ಗಳಿಗೆಯಲ್ಲೇ ಆಟ ಮುಗಿಯಿತೆಂದು ತಿಳಿಯಿರಿ, ದೊಡ್ಡವರಿಗೆ ಹೇಳಿ. ಹಣ ಹೋದರೆ 1930ಕ್ಕೆ ತಕ್ಷಣ ಫೋನು ಮಾಡಿ.

ದುಡ್ಡಿನ ಆಟ ಬೇರೆಯೇ ಮಾತು. ರಮ್ಮಿ, ಬಾಜಿ, ಐವತ್ತು ಹಾಕಿ ಐನೂರು ಗೆಲ್ಲು ಎನ್ನುವ ಜಾಹೀರಾತು. ಇದನ್ನು ನಾನು ಆಟ ಎಂದು ಕರೆಯುವುದೇ ಇಲ್ಲ, ಇಸ್ಪೀಟಿನ ಅಡ್ಡೆ ಜೇಬಿಗೆ ಬಂದಿದೆ ಅಷ್ಟೇ. ಅಲ್ಲಿ ಬಿದ್ದವನನ್ನು ಎಬ್ಬಿಸುವ ಗೆಳೆಯ ಯಾರೂ ಇಲ್ಲ. ನೀನು ಸೋತಷ್ಟೂ ಲಾಭ ಮಾಡಿಕೊಳ್ಳುವವನು ಒಬ್ಬ ಇದ್ದಾನೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ನಿಷೇಧವನ್ನು ರದ್ದುಪಡಿಸಿತು. ಈಗ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿದೆ, 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಅದರ ಜಾಹೀರಾತು ಮಾಡಿದವರಿಗೂ ಶಿಕ್ಷೆ ಇದೆ. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಮತ್ತು ಹಣವಿಲ್ಲದ ಆಟಗಳನ್ನು ಬೇರೆ ಮಾಡಿ ಇಟ್ಟಿದೆ. ನಾನು ಷರಾ ಕಾಲಮ್ಮಿನಲ್ಲಿ ಮಾಡದ ಕೆಲಸ ಅದು. ಕಳೆದುಕೊಂಡವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಹುಡುಗರು ಪೊಲೀಸರ ಭಯಕ್ಕೆ, ಮನೆಯವರ ನಾಚಿಕೆಗೆ ಬಾಯಿಬಿಡದೆ ಸಾಲದ ಮೇಲೆ ಸಾಲ ಮಾಡುತ್ತಾರೆ. ತಂದೆಯರೇ, ಮಗ ಬಂದು "ದುಡ್ಡು ಹೋಯಿತು" ಅಂದರೆ ಅವತ್ತು ಕೈ ಎತ್ತಬೇಡಿ. ಬೈಯುವುದನ್ನು ಮರುವಾರಕ್ಕೆ ಇಟ್ಟುಕೊಳ್ಳಿ.

ಹಣವಿಲ್ಲದ ಆಟವೂ ರೋಗವಾಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಕೊಟ್ಟಿದೆ. ಆದರೆ ಅದು ಎಷ್ಟು ಗಂಟೆ ಆಡಿದ ಎಂದು ಎಣಿಸುವುದಿಲ್ಲ. ಹಿಡಿತ ತಪ್ಪಿದೆಯೇ, ಊಟ, ನಿದ್ದೆ, ಓದು ಎಲ್ಲಕ್ಕಿಂತ ಆಟವೇ ಮುಂದೆ ಬಂದಿದೆಯೇ, ಹಾನಿ ಕಣ್ಣಿಗೆ ಕಂಡರೂ ಬಿಡಲಾಗುತ್ತಿಲ್ಲವೇ, ಸಾಮಾನ್ಯವಾಗಿ ವರ್ಷದುದ್ದಕ್ಕೂ ಹೀಗಿದೆಯೇ ಎಂದು ಕೇಳುತ್ತದೆ. ಕಾಲು ಗಂಟೆ ನೋಡಿ ತೀರ್ಪು ಕೊಡುವ ಮಾಸ್ತರರಿಗೆ ಅದು ಗೊತ್ತಾಗುವಂಥದ್ದಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕೆಂದೇ 2014ರಿಂದ ಶಟ್ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನು ಮಾಡಬಹುದು, ಟೆಲಿ-ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ನಡುವೆ ಒಂದು ಮಾತು. 2020ರ ಆಗಸ್ಟ್ 30ರಂದು ಚೆಸ್ ಒಲಿಂಪಿಯಾಡ್ ಆನ್‌ಲೈನಿನಲ್ಲಿ ನಡೆದಾಗ ಫೈನಲ್ಲಿನಲ್ಲಿ ಭಾರತದ ಇಬ್ಬರು ಆಟಗಾರರ ಇಂಟರ್ನೆಟ್ ಕಡಿದುಹೋಯಿತು. ಕೊನೆಗೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಎಂದರು. ನಮ್ಮೂರ ಹುಡುಗರು "ಕರೆಂಟ್ ಹೋಗಿ ಸೋತ್ವಿ ಸರ್" ಅಂದಾಗ ನಾನು ನಗುತ್ತಿದ್ದೆ. ಈಗ ನಗುವುದಿಲ್ಲ.

ಸರಿ, ಸಮಿತಿ ಏನು ಮಾಡಿದೆ ಹೇಳುತ್ತೇನೆ. ಆ ಹುಡುಗ ಈ ವರ್ಷ ಮತ್ತೆ ಅರ್ಜಿ ಹಾಕಿದ್ದ. ಈ ಪಟ್ಟಿಯಲ್ಲಿ ಅವನ ಹೆಸರಿದೆ. ಹಣ ಕೊಟ್ಟಿದ್ದೇವೆ. ಗಿರಣಿಯಲ್ಲಿ ಚೀಲ ಹೊತ್ತ ಒಂದು ವರ್ಷವನ್ನು ವಾಪಸ್ ಕೊಡಲು ನಮ್ಮ ಟ್ರಸ್ಟಿನಲ್ಲಿ ಯಾವ ನಿಧಿಯೂ ಇಲ್ಲ. ಅವನ ಮನೆಗೆ ಹೋಗಿ ತಾಯಿಯ ಎದುರು ಅವನ ಕ್ಷಮೆ ಕೇಳಿದೆ. ಅವನು ನೆಲ ನೋಡುತ್ತ, "ಇರ್ಲಿ ಬಿಡ್ರಿ ಸರ್" ಅಂದ. ಆಮೇಲೆ, "ಅಬ್ಬಾಗ ಹೇಳಿಲ್ಲರಿ, ಆಟದ ಸಲುವಾಗಿ ಸ್ಕಾಲರ್‌ಶಿಪ್ ಹೋತಂತ. ಹೇಳಿದ್ರ ಆಡೋದ ಬಿಡ್ತಿದ್ದ" ಅಂದ. ಒಂದು ವರ್ಷ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಚೀಲದ ಜೊತೆ ಅದನ್ನೂ ಹೊತ್ತಿದ್ದಾನೆ.

ಮುಂದಿನ ವರ್ಷದ ಫಾರಮ್ಮಿನಲ್ಲಿ ಷರಾ ಕಾಲಮ್ಮಿನ ಕೆಳಗೆ ಇನ್ನೊಂದು ಸಾಲು ಸೇರಿಸಲು ಟ್ರಸ್ಟಿನವರು ಒಪ್ಪಿದ್ದಾರೆ: ಸಮಿತಿ ಬರೆದದ್ದನ್ನು ವಿದ್ಯಾರ್ಥಿಗೂ ಪಾಲಕರಿಗೂ ಓದಿ ಹೇಳಬೇಕು, ಅವರ ಉತ್ತರವನ್ನು ಅಲ್ಲೇ ಬರೆದುಕೊಂಡು ಸಹಿ ಪಡೆಯಬೇಕು. ಅಕ್ಷರ ಬಾರದ ತಾಯಂದಿರಿಗೆ ಅವರ ಮಕ್ಕಳಲ್ಲ, ಸಮಿತಿಯವರೇ ಓದಿ ಹೇಳಬೇಕು. ದಾನಿಗಳು ಕೊಟ್ಟ ಹಣ ಜೂಜಿಗೆ ಹೋಗಬಾರದು ಎಂಬ ನಿಮ್ಮ ಕಾಳಜಿ ನ್ಯಾಯವಾದದ್ದು. ಅದಕ್ಕೆ ಶುಲ್ಕದ ಭಾಗವನ್ನು ನೇರವಾಗಿ ಕಾಲೇಜಿಗೆ ಕಟ್ಟುವ ಪದ್ಧತಿ ಮುಂದುವರಿಯುತ್ತದೆ.

ಊಟ ಆದ ಮೇಲೆ ನಾನು ಆ ಬೇವಿನ ಮರದ ಕೆಳಗೆ ಕೂತಿರುತ್ತೇನೆ. ಮಗನ ಫೋನಿನಲ್ಲಿ ಏನಿದೆ ಎಂದು ತಿಳಿಯದೆ ನಿದ್ದೆ ಕೆಟ್ಟ ತಾಯಂದಿರು ಮಗನನ್ನೂ ಫೋನನ್ನೂ ಕರೆದುಕೊಂಡು ಬನ್ನಿ. ಫೋನು ಅವನ ಕೈಯಲ್ಲೇ ಇರಲಿ, ಅವನೇ ತೋರಿಸಲಿ. ಕನ್ನಡಕ ತಂದಿದ್ದೇನೆ.